ಉತ್ತರ ಕನ್ನಡದ ಸಂರಕ್ಷಿತ ಸ್ಮಾರಕಗಳು: ಮೊದಲು ಭಟ್ಕಳ ನೋಡಿ

ಉತ್ತರ ಕನ್ನಡಕ್ಕೆ ಬರುವ ಪ್ರವಾಸಿಗರು ಗೋಕರ್ಣ, ಮುರ್ಡೇಶ್ವರ, ಯಾಣ ಮುಗಿಸಿ ಹಿಂದಿರುಗುವುದೇ ಹೆಚ್ಚು. ಇತಿಹಾಸದಲ್ಲಿ ಆಸಕ್ತಿ ಇದ್ದವರು ಬನವಾಸಿಯನ್ನೂ ಮಿರ್ಜಾನ್ ಕೋಟೆಯನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಜಿಲ್ಲೆಯ ಸಂರಕ್ಷಿತ ಸ್ಮಾರಕಗಳಲ್ಲಿ ಯಾವುದನ್ನು ತಪ್ಪಿಸಬಾರದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ್ದು.

16ನೆಯ ಶತಮಾನದ ಈ ದೇವಾಲಯ ಗಾತ್ರದಲ್ಲಿ ಚಿಕ್ಕದು. ಎತ್ತರದ ಗೋಪುರವನ್ನು ನಿರೀಕ್ಷಿಸಿ ಬಂದವರಿಗೆ ಮೊದಲ ನೋಟಕ್ಕೆ ನಿರಾಸೆಯಾಗಬಹುದು. ಇದರ ಹೆಚ್ಚುಗಾರಿಕೆ ತಿಳಿಯಬೇಕಾದರೆ ಮಂಟಪದ ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಮರದ ಪಟ್ಟಿಗಳನ್ನು ಓರೆಯಾಗಿ, ಒಂದರ ಮೇಲೊಂದು ಜೋಡಿಸಿ ಮಾಡುವ ತಡಿಕೆಯನ್ನು ಇಲ್ಲಿ ಕಲ್ಲಿನಲ್ಲೇ ಕಡೆದಿದ್ದಾರೆ. ಗಾಳಿ ಮತ್ತು ಬೆಳಕು ಒಳಗೆ ಬರುತ್ತವೆ, ಆಷಾಢದ ಎರಚಲು ಹೊರಗೇ ಉಳಿಯುತ್ತದೆ. ಮೇಲಿನ ಮಾಡೂ ಹಾಗೆಯೇ, ಕಲ್ಲುಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿದ್ದು. ಬಯಲುಸೀಮೆಯ ಶಿಲ್ಪಪರಂಪರೆ ಕರಾವಳಿಯ ಮಳೆಗೆ ಹೇಗೆ ಹೊಂದಿಕೊಂಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಗೋಡೆಯ ಮೇಲೆ ಸಣ್ಣ ಸಣ್ಣ ಆಕೃತಿಗಳಲ್ಲಿ ಕಡೆದಿರುವ ರಾಮಾಯಣದ ಪ್ರಸಂಗಗಳನ್ನು ನಿಧಾನವಾಗಿ ನೋಡಬೇಕು; ಬೆಳಗಿನ ಓರೆ ಬಿಸಿಲಿನಲ್ಲಿ ಅವು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಅದೇ ಪಟ್ಟಣದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದಕ್ಕಿಂತ ಬಹಳ ದೊಡ್ಡದು. ಅದರ ಮುಂದಿನ ಮಾನಸ್ತಂಭವನ್ನು ನೋಡದೆ ಬರಬೇಡಿ.

ಹೊನ್ನಾವರ ತಾಲೂಕಿನ ಗೇರುಸೊಪ್ಪೆಗೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ. ಶರಾವತಿಯ ದಡದ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಇರುವ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದು, ಗರ್ಭಗುಡಿಯ ಜಿನಮೂರ್ತಿಗಳು ಒಂದೊಂದು ದಿಕ್ಕಿಗೆ ಒಂದೊಂದರಂತೆ ಮುಖ ಮಾಡಿವೆ. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದರ ವಿನ್ಯಾಸ ಕೂಡಲೇ ಪರಿಚಿತವೆನಿಸುತ್ತದೆ. ಆದರೆ ಕಾರ್ಕಳದ್ದು ಬಂಡೆಯ ನೆತ್ತಿಯ ಮೇಲೆ ಊರಿಗೆಲ್ಲ ಕಾಣುವಂತೆ ನಿಂತಿದ್ದರೆ, ಇದು ತಾನು ಸೇರಿದ್ದ ಪಟ್ಟಣವನ್ನೇ ಕಳೆದುಕೊಂಡು ನಿಂತಿದೆ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ್ದು ಇಲ್ಲಿಂದಲೇ. ಮಿರ್ಜಾನಿನ ಚಿರೆಕಲ್ಲಿನ ಕೋಟೆಗೂ ಅವಳ ಹೆಸರೇ ಅಂಟಿಕೊಂಡಿದೆ. ಹೀಗಾಗಿ ಕೋಟೆಯನ್ನು ಮಾತ್ರ ನೋಡಿ ಹೋಗುವವರು ಬಂದರನ್ನು ಕಂಡು ರಾಜಧಾನಿಯನ್ನು ಬಿಟ್ಟಂತಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಟೆಯ ಗೋಡೆಗಳೆಲ್ಲ ಹಸಿರು ಹಾವಸೆಯಿಂದ ತುಂಬಿ ಚೆಂದ ಕಾಣುತ್ತವೆ ಎಂಬುದು ನಿಜವಾದರೂ ಮೆಟ್ಟಿಲುಗಳು ವಿಪರೀತ ಜಾರುತ್ತವೆ. ವಯಸ್ಸಾದವರನ್ನು ಕರೆದೊಯ್ಯುವವರು ಡಿಸೆಂಬರಿನ ನಂತರ ಹೋಗುವುದು ಒಳ್ಳೆಯದು.

ಬನವಾಸಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಧುಕೇಶ್ವರ ದೇವಾಲಯಕ್ಕೆ ಹೋದವರು ಕಲ್ಲಿನ ಮಂಚದ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅದೇ ಆವರಣದ ಐದು ಹೆಡೆಯ ನಾಗಶಿಲ್ಪದ ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. ಶಾತಕರ್ಣಿ ಎಂಬ ಅರಸನ ಕಾಲದ ಆ ಬರಹ ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ಒಬ್ಬ ರಾಜಕುಮಾರಿ ದಾನ ಮಾಡಿದ್ದನ್ನು ಹೇಳಿ, ಕೊನೆಗೆ ನಾಗವನ್ನು ಕಡೆದ ಶಿಲ್ಪಿ ನಟಕನ ಹೆಸರನ್ನೂ ಉಳಿಸಿದೆ. ಕದಂಬರಿಗಿಂತ ಹಳೆಯ ಬನವಾಸಿ ಬರಹದಲ್ಲಿ ಸಿಗುವುದು ಇಂಥ ಕಲ್ಲಿನಲ್ಲಿ.

ಇಷ್ಟು ಸಂಪತ್ತು ಇದ್ದೂ ನೋಡಲು ಬಂದವರಿಗೆ ಅದನ್ನು ವಿವರಿಸುವ ವ್ಯವಸ್ಥೆ ಸಾಲದು ಎಂಬುದೇ ನನ್ನ ಮುಖ್ಯ ಆಕ್ಷೇಪ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ ಎಚ್ಚರಿಕೆ ಬೇಕೇ ಬೇಕು. ಅದರ ಪಕ್ಕದಲ್ಲಿ ಶಾಸನದ ಸಾರವನ್ನು ನಾಲ್ಕು ಸಾಲಿನಲ್ಲಿ, ಶಾಲೆಯ ಮಕ್ಕಳಿಗೂ ಅರ್ಥವಾಗುವ ಕನ್ನಡದಲ್ಲಿ ಬರೆಸಿದರೆ ಆ ಕಲ್ಲನ್ನು ಕಾಯುವವರ ಸಂಖ್ಯೆಯೂ ಹೆಚ್ಚುತ್ತದೆ. ಜಿಲ್ಲೆಯ ಇಂಥ ಒಂದು ಜಾಗಕ್ಕೆ ಹೋದಾಗ ಬಾಗಿಲಿಗೆ ಬೀಗ ಹಾಕಿತ್ತು, ಕೀಲಿ ಯಾರ ಬಳಿ ಇದೆಯೆಂದು ಹೇಳುವವರೂ ಸಿಗಲಿಲ್ಲ. ದೂರದಿಂದ ಬರುವವರು ಮೊದಲೇ ಊರಿನವರಲ್ಲಿ ವಿಚಾರಿಸಿಕೊಂಡು ಹೊರಡುವುದು ಲೇಸು.

ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ಹೊಸ ಕಟ್ಟಡಗಳಿಗೆ ನಿಷೇಧಿತ ಪ್ರದೇಶ, ಅದರಾಚೆ ಕನಿಷ್ಠ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ಈ ನಿಯಮದ ಭಾರವನ್ನು ಹೊರುತ್ತಿರುವವರು ಅಕ್ಕಪಕ್ಕದ ಮನೆಗಳವರು. ಮನೆ ರಿಪೇರಿಗೂ ಅನುಮತಿ ಕೇಳಬೇಕಾದ ಅವರಿಗೆ ಅರ್ಜಿಯ ಕ್ರಮವನ್ನು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯಲ್ಲೇ ತಿಳಿಸಿಕೊಡುವ ಏರ್ಪಾಡು ಆಗಬೇಕು. ನೋಡಲು ಹೋಗುವ ನಾವು ಅವರ ಅಂಗಳದಲ್ಲಿ ಗಾಡಿ ನಿಲ್ಲಿಸುವ ಮೊದಲು ಒಂದು ಮಾತು ಕೇಳಬೇಕು.