ಮೇ ತಿಂಗಳಲ್ಲಿ ಹಕ್ಕಿ ನೋಡಲು ರಾಣಿಪುರವಾ, ಶಿರಿಯಾನಾ, ಕಿದೂರಾ?

ಮಳೆ ಹಿಡಿಯುವ ಮೊದಲು ಗುಂಪು ಕಟ್ಟಿಕೊಂಡು ಹಕ್ಕಿ ನೋಡಲು ಎಲ್ಲಿಗೆ ಹೋಗೋಣ ಅಂತ ಕೇಳಿದರೆ ನಮ್ಮ ಬದಿಯಡ್ಕದ ಗೆಳೆಯರು ಕಣ್ಣು ಮುಚ್ಚಿ ಹೇಳುವುದು ರಾಣಿಪುರ. ಈ ಸಲ ಮೂರು ಭಾನುವಾರ ನಮ್ಮ ಕಾಸರಗೋಡು ಜಿಲ್ಲೆಯ ಈ ಮೂರು ಕಡೆ ಹೋಗಿ ಬಂದೆ. ನನ್ನ ಓಟು ಕಿದೂರಿನ ಪದವಿಗೆ, ಅಂದರೆ ಅಲ್ಲಿನ ಮುರಕಲ್ಲಿನ ಬಯಲಿಗೆ.

ರಾಣಿಪುರ ಚೆಂದವೇ. ಸಾವಿರ ಮೀಟರ್ ದಾಟಿದ ಎತ್ತರ, ಮೇಲೆ ಹುಲ್ಲುಗಾವಲು, ಬದಿಯಲ್ಲಿ ಶೋಲಾ ಕಾಡು. ಆದರೆ ನಾವು ಹದಿನೆಂಟು ಜನ! ಕಾಡಿನ ಹಕ್ಕಿ ಕಣ್ಣಿಗಿಂತ ಕಿವಿಗೇ ಜಾಸ್ತಿ ಸಿಗುವುದು, ಹಿಂದಿನಿಂದ ಚಿಪ್ಸ್ ಪ್ಯಾಕೆಟ್ ಪರಪರ ಅನ್ನುತ್ತಿದ್ದರೆ ಏನು ಕೇಳುತ್ತದೆ? ಮಲಬಾರ್ ವಿಸ್ಲಿಂಗ್ ಥ್ರಶ್ ಒಂದು, ಹಾಡು ಅರ್ಧ ಮರೆತ ಪಡ್ಡೆ ಹುಡುಗನ ಹಾಗೆ ಶಿಳ್ಳೆ ಹೊಡೆಯುತ್ತಿತ್ತು. ಮುಂದಿದ್ದ ನಾಲ್ಕು ಜನಕ್ಕೆ ಕೇಳಿತು, ಉಳಿದವರಿಗೆ ನಾವು ಹೇಳಿಯೇ ಗೊತ್ತಾಗಿದ್ದು. ಮುಂಚಿನ ದಿನ ಮಳೆ ಬಿದ್ದಿತ್ತು, ಉಂಬುಳದ (ಜಿಗಣೆಯ) ಕಾಟ ಬೇರೆ.

ಶಿರಿಯಾ ಅಳಿವೆಯಲ್ಲಿ ತಪ್ಪು ನಮ್ಮದೇ. ಉಬ್ಬರದ ಹೊತ್ತು ನೋಡದೆ ಹೋದೆವು, ಹಕ್ಕಿಗಳು ಮೇಯುವ ಕೆಸರೆಲ್ಲ ನೀರಿನಡಿ. ಚಳಿಗಾಲದ ವಲಸೆ ಹಕ್ಕಿಗಳೂ ಮೇ ಹೊತ್ತಿಗೆ ಹೆಚ್ಚಿನವು ಉತ್ತರಕ್ಕೆ ಹೋಗಿಬಿಟ್ಟಿರುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದು ಒಂದು ಬಂತು, 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ್ದು ಇದನ್ನೇ. ಮಂಡಿನೋವಿನ ನಮ್ಮ ಅತ್ತೆ ತೆಂಗಿನ ನೆರಳಲ್ಲಿ ಕೂತು, ಬೊಂಡ ಕುಡಿಯುತ್ತಾ ಅದನ್ನು ನೋಡಿದರು. ಆ ಅನುಕೂಲ ಉಳಿದೆರಡು ಕಡೆ ಇಲ್ಲ.

ಕುಂಬಳೆ ಹತ್ತಿರದ ಕಿದೂರಿಗೆ ಹೋದದ್ದು ಐದೇ ಜನ, ಬೆಳಿಗ್ಗೆ ಆರಕ್ಕೆ. ಮುರಕಲ್ಲಿನ ಬೋಳು ಪದವು, ಒಣಗಿದ ಮುಳಿಹುಲ್ಲು, ಇಲ್ಲೇನಿದೆ ಅನ್ನಿಸುತ್ತದೆ. ಅಷ್ಟರಲ್ಲಿ ಹಳದಿ ಟಿಟ್ಟಿಭವೊಂದು ಕೂಗುತ್ತಾ ನಮ್ಮ ಮುಂದೆ ಕುಂಟಿದ ಹಾಗೆ ಓಡಿತು. ಗೆಳೆಯ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದ. ಒಂದು ಗೇಣು ಮುಂದೆ ನಾಲ್ಕು ಮೊಟ್ಟೆ, ಚೂಪು ತುದಿ ಒಳಗಡೆ ಮಾಡಿ, ಗೂಡು ಅಂತ ಇದ್ದದ್ದು ನಾಲ್ಕಾರು ಹರಳು ಮಾತ್ರ. ಬಣ್ಣವೂ ಕಲ್ಲಿನದ್ದೇ. ಹದಿನೆಂಟು ಜನ ಇದ್ದಿದ್ದರೆ ಯಾರೋ ಒಬ್ಬರು ತುಳಿದೇ ತುಳಿಯುತ್ತಿದ್ದರು ಅಲ್ವಾ? ಮೆಲ್ಲ ಹಿಂದೆ ಸರಿದು, ದೂರದ ಗೇರುಮರದಡಿ ಕೂತು ಬೈನಾಕ್ಯುಲರಿನಲ್ಲಿ ನೋಡಿದೆವು. ಬಿಸಿಲೇರಿದ ಮೇಲೆ ಹಕ್ಕಿ ಪಳ್ಳದ (ನೀರು ನಿಲ್ಲುವ ಗುಂಡಿಯ) ಕಡೆ ಹೋಗಿ, ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ಮೇಲೆ ಕೂತಿತು. ತಂಪು ಮಾಡಲು!

ಒಂಬತ್ತಕ್ಕೆ ನಮಗೇ ತಡೆಯಲು ಆಗಲಿಲ್ಲ, ಕುಂಬಳೆಗೆ ಬಂದು ಪುನರ್ಪುಳಿ ಜ್ಯೂಸ್ ಎರಡೆರಡು ಗ್ಲಾಸ್ ಕುಡಿದೆವು. ಮುಂದಿನ ವಾರ ಅತ್ತೆಯನ್ನು ಮತ್ತೆ ಶಿರಿಯಾಕ್ಕೆ ಕರೆದುಕೊಂಡು ಹೋಗಬೇಕು, ಈ ಸಲ ಇಳಿತದ ಹೊತ್ತು ನೋಡಿಕೊಂಡು.