ಎರಡು ಮಳೆಗಾಲ ಕಂಡ ಬ್ಲೂಟೂತ್ ಹೆಡ್‌ಫೋನ್: ನನ್ನ ಅನುಭವ

ಕಿವಿ ಪೂರ್ತಿ ಮುಚ್ಚುವ ಮಾಡೆಲ್. ಬೆಲೆ ಎರಡೂವರೆ ಸಾವಿರ ರೂಪಾಯಿ ಆಸುಪಾಸು. ಮಂಗಳೂರಿನ ನಮ್ಮ ಮನೆಯಲ್ಲಿ ಇದು ಎರಡು ಮಳೆಗಾಲ ಕಳೆದಿದೆ. ಆಫೀಸಿನ ಮೀಟಿಂಗ್, ಅಡುಗೆ ಮಾಡುವಾಗ ಹಾಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ಸಿನಿಮಾ, ಎಲ್ಲಕ್ಕೂ ಇದೇ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ಹೇಳುವುದರಲ್ಲಿ ಜಾಸ್ತಿ ಪಾಲು ಬೇರೆ ಹೆಡ್‌ಫೋನ್‌ಗಳಿಗೂ ಹೊಂದುತ್ತದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಆಗಾಗ ಕೈಕೊಡುತ್ತದೆ. ಆಗ ಸರ್ವೀಸ್ ಸೆಂಟರಿಗೆ ಓಡುವ ಮೊದಲು ಮನೆಯಲ್ಲೇ ನೋಡಬಹುದಾದ್ದು ತುಂಬಾ ಇದೆ.

ನನಗೆ ಅತಿ ಹೆಚ್ಚು ತಲೆ ಕೆಡಿಸಿದ್ದು ಮೀಟಿಂಗ್ ಹೊತ್ತಿನ ದನಿ. ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿದರೆ ಸೊಗಸಾಗಿ ಕೇಳುತ್ತದೆ. ಮೀಟಿಂಗ್ ಶುರುವಾಯಿತೋ, ಎಲ್ಲರೂ ಹಳೇ ಲ್ಯಾಂಡ್‌ಲೈನಿನಿಂದ ಮಾತಾಡಿದ ಹಾಗೆ! ಸ್ಪೀಕರ್ ಹೋಗಿದೆ ಅಂತಲೇ ಅನಿಸುತ್ತದೆ. ಅಸಲಿಗೆ ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಹಾಡಿನ ದಾರಿಯಲ್ಲಿ ಒಳ್ಳೆಯ ಸ್ಟೀರಿಯೋ ಬರುತ್ತದೆ, ಆದರೆ ಅದು ಕೇಳುವುದಕ್ಕೆ ಮಾತ್ರ. ಹೆಡ್‌ಫೋನಿನ ಮೈಕ್ ಆನ್ ಆದ ಕೂಡಲೇ ಎಲ್ಲವೂ ಕರೆಯ ದಾರಿಗೆ ತಿರುಗುತ್ತದೆ. ಅಲ್ಲಿ ದನಿ ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ದನಿ. ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವುದು, ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್ ಅಷ್ಟೇ. ಸಿಡಿಯಲ್ಲಿ ಇದು 44.1 ಕಿಲೋಹರ್ಟ್ಸ್ ಇರುತ್ತದೆ. ವ್ಯತ್ಯಾಸ ಕಿವಿಗೆ ಹೊಡೆಯದೆ ಇರುತ್ತದೆಯೇ?

ಇದಕ್ಕೆ ಪರಿಹಾರ ಸುಲಭ. ಮೀಟಿಂಗ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಅಂತ ಇರುವಲ್ಲಿ ಹೆಡ್‌ಫೋನ್ ಆರಿಸಿ, ಮೈಕ್ ಅಂತ ಇರುವಲ್ಲಿ ಲ್ಯಾಪ್‌ಟಾಪಿನದ್ದೇ ಮೈಕ್ ಆರಿಸಿ. ನಮ್ಮ ದನಿಯೂ ಆ ಕಡೆಯವರಿಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಮೀಟಿಂಗ್ ಮುಗಿದ ಮೇಲೂ ಹಾಡು ಡಬ್ಬದೊಳಗಿಂದ ಬಂದಂತೆ ಕೇಳಿದರೆ, ಬ್ರೌಸರಿನ ಯಾವುದೋ ಟ್ಯಾಬ್ ಇನ್ನೂ ಮೈಕ್ ಹಿಡಿದುಕೊಂಡಿರುತ್ತದೆ. ಅದನ್ನು ಮುಚ್ಚಿದರೆ ಸರಿಹೋಗುತ್ತದೆ.

ಎರಡನೆಯದು, ದನಿ ಕಡಿದು ಕಡಿದು ಬರುವುದು. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈ ರೂಟರಿನ ಹಳೆಯ ಬ್ಯಾಂಡ್ ಅದೇ, ಮೈಕ್ರೋವೇವ್ ಓವನ್ನಿನದೂ ಹೆಚ್ಚುಕಡಿಮೆ ಅದೇ. ಗಲಾಟೆಯಿಂದ ತಪ್ಪಿಸಿಕೊಳ್ಳಲು ಬ್ಲೂಟೂತ್ ಸೆಕೆಂಡಿಗೆ 1600 ಸಲ ಚಾನೆಲ್ ಬದಲಿಸುತ್ತದೆ. ಆದರೂ ಫ್ಲ್ಯಾಟಿನಲ್ಲಿ ಅಕ್ಕಪಕ್ಕದ ರೂಟರುಗಳೆಲ್ಲ ಸೇರಿದಾಗ ಜಾಗ ಸಾಲುವುದಿಲ್ಲ. ನಾನು ಲ್ಯಾಪ್‌ಟಾಪನ್ನು ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಜೋಡಿಸಿದೆ. ಕಡಿತ ಬಹಳ ಮಟ್ಟಿಗೆ ನಿಂತಿತು. ಉಳಿದದ್ದಕ್ಕೆ ಕಾರಣ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್. ಅದರ ಕೇಬಲ್ಲು, ಸಾಕೆಟ್ಟಿನಿಂದ ಇದೇ 2.4 ಗಿಗಾಹರ್ಟ್ಸ್‌ನಲ್ಲಿ ರೇಡಿಯೋ ಅಡಚಣೆ ಸೋರುತ್ತದೆ ಎಂದು ಇಂಟೆಲ್ 2012ರಲ್ಲೇ ವಿವರವಾಗಿ ಬರೆದಿತ್ತು. ಹಾರ್ಡ್‌ಡಿಸ್ಕನ್ನು ಉದ್ದ ಕೇಬಲ್ ಹಾಕಿ ದೂರ ಇಟ್ಟರೆ ಆಯಿತು.

ವಾಕಿಂಗ್ ಹೋದಾಗ ಮಾತ್ರ ಕಡಿದರೆ ಫೋನನ್ನು ಇನ್ನೊಂದು ಜೇಬಿಗೆ ಹಾಕಿ ನೋಡಿ. ನಮ್ಮ ಮೈಯಲ್ಲಿರುವ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ನನ್ನದರಲ್ಲಿ ಎಡ ಜೇಬಿನಲ್ಲಿದ್ದರೆ ತಕರಾರು, ಬಲ ಜೇಬಿನಲ್ಲಿದ್ದರೆ ಸುಮ್ಮನೆ ಹಾಡುತ್ತದೆ.

ಚಾರ್ಜಿಂಗಿನದು ಇನ್ನೊಂದು ಕತೆ. ಹೆಡ್‌ಫೋನಿನಲ್ಲಿ ಟೈಪ್-ಸಿ ಸಾಕೆಟ್ ಇದೆ. ಹೊಸ ಫೋನಿನ ಚಾರ್ಜರಿಗೂ ಟೈಪ್-ಸಿ. ಎರಡೂ ತುದಿ ಸಿ ಇರುವ ಕೇಬಲ್ ಚುಚ್ಚಿದರೆ ಲೈಟೇ ಹತ್ತುವುದಿಲ್ಲ! ಅದೇ, ಡಬ್ಬಿಯಲ್ಲಿ ಬಂದಿದ್ದ ಗಿಡ್ಡ ಕೇಬಲ್ಲನ್ನು ಹಳೇ ಚಾರ್ಜರಿಗೆ ಹಾಕಿದರೆ ತಕ್ಷಣ ಕೆಂಪು ದೀಪ. ಸಿ-ಇಂದ-ಸಿ ಕೇಬಲ್ಲಿನಲ್ಲಿ ಎದುರಿಗೆ ಒಂದು ಸಾಧನ ಇದೆ ಎಂದು ಗೊತ್ತಾಗದೆ ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಅದನ್ನು ತಿಳಿಸಲು ಹೆಡ್‌ಫೋನಿನೊಳಗೆ 5.1 ಕಿಲೋ ಓಮ್‌ನ ಪುಟ್ಟ ರೆಸಿಸ್ಟರುಗಳು ಬೇಕು. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಅವನ್ನು ಹಾಕಿಯೇ ಇರುವುದಿಲ್ಲ. ಕೆಲವು ಪೈಸೆ ಉಳಿಸಲು ಹೀಗೆ ಮಾಡುವುದು ನಿಜಕ್ಕೂ ಬೇಸರದ ವಿಷಯ. ಬ್ಯಾಟರಿ ಸತ್ತಿದೆ ಅಂತ ಎಷ್ಟು ಜನ ಒಳ್ಳೆಯ ಹೆಡ್‌ಫೋನನ್ನು ಮೂಲೆಗೆ ಹಾಕಿರುತ್ತಾರೋ!

ಜೋಡಣೆ ಆಗದಿದ್ದರೆ ಮನೆಯವರ ಬೇರೆ ಫೋನುಗಳ ಬ್ಲೂಟೂತ್ ಆಫ್ ಮಾಡಿ ನೋಡಿ. ಆಗಲೂ ಹಟ ಮಾಡಿದರೆ ಫೋನಿನಲ್ಲಿ ‘ಫರ್ಗೆಟ್’ ಒತ್ತಿ, ಹೆಡ್‌ಫೋನನ್ನು ರೀಸೆಟ್ ಮಾಡಿ, ಹೊಸದಾಗಿ ಜೋಡಿಸಿ.

ಇನ್ನು ನಿಜವಾಗಿ ಕೆಟ್ಟದ್ದು ಇಯರ್ ಪ್ಯಾಡ್. ಮೊದಲ ಮಳೆಗಾಲದಲ್ಲೇ ಮೇಲಿನ ಪದರ ಏಳತೊಡಗಿತು. ಕರೀ ಚೂರುಗಳು ಕಿವಿಗೆ, ಕುತ್ತಿಗೆಗೆ, ದಿಂಬಿಗೆ ಅಂಟುತ್ತಿದ್ದವು. ಅದು ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್. ತೇವ, ಬೆವರು ಎರಡೂ ಅದನ್ನು ಒಡೆಯುತ್ತವೆ, ಕರಾವಳಿಯಲ್ಲಿ ಬೇಗ. ವಾರಂಟಿಯಲ್ಲಿ ಪ್ಯಾಡ್ ಸೇರಿಲ್ಲ ಎಂದರು. ನನ್ನ ತಮ್ಮ, ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ, ಅಳತೆಗೆ ಸರಿಯಾದ ಜೋಡಿ ತಂದುಕೊಟ್ಟ. ಹಳೆಯದನ್ನು ಎಳೆದು ತೆಗೆದು, ಹೊಸದರ ಅಂಚನ್ನು ಒಂದು ಕಡೆ ಸಂದಿಗೆ ಸಿಕ್ಕಿಸಿ, ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಸುತ್ತಲೂ ನಿಧಾನಕ್ಕೆ ಒಳಗೆ ತಳ್ಳಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹಾಕಿ ಕೇಳಿದಾಗ ಇನ್ನೊಂದು ಖುಷಿ: ಕಡಿಮೆಯಾಗಿದ್ದ ಬೇಸ್ ವಾಪಸ್ ಬಂದಿತ್ತು. ಪ್ಯಾಡ್ ಕಿವಿಯ ಸುತ್ತ ಸರಿಯಾಗಿ ಕೂರದಿದ್ದರೆ ಬೇಸ್ ಸೋರಿಹೋಗುತ್ತದೆ.

ಬ್ಯಾಟರಿ ಹೊಸದರಲ್ಲಿದ್ದಷ್ಟು ಹೊತ್ತು ಬರುವುದಿಲ್ಲ, ಆದರೂ ದಿನದ ಕೆಲಸಕ್ಕೆ ಧಾರಾಳ. ಟಿವಿಯಲ್ಲಿ ತುಟಿ ಮೊದಲು, ಮಾತು ಆಮೇಲೆ ಅನ್ನುವ ತೊಂದರೆ ಕೊನೆಗೂ ಬ್ಲೂಟೂತ್‌ನಲ್ಲಿ ಸರಿಹೋಗಲಿಲ್ಲ. 3.5 ಎಂಎಂ ವೈರ್ ಚುಚ್ಚಿಯೇ ಸಿನಿಮಾ ನೋಡುತ್ತೇನೆ. ನೀವು ಈಗ ಕೊಳ್ಳುವವರಾದರೆ ಆ ವೈರಿನ ಸಾಕೆಟ್ ಇರುವುದನ್ನೇ ತಗೊಳ್ಳಿ, ಜೊತೆಗೆ ಪ್ಯಾಡ್ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.