ಮಣ್ಣು ಹಿಡಿದ ಅಮೆರಿಕದ ಚಿಲ್ಲರೆ: ವಿನೆಗರ್ ಸಾಕಾ, ಟಂಬ್ಲರ್ ಬೇಕಾ?

ಅಮೆರಿಕದ ಪಾರ್ಕು, ಬೀಚುಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವವರಿಗೆ ಜಾಸ್ತಿ ಸಿಗುವುದು ಕಪ್ಪಗಾದ ಚಿಲ್ಲರೆ. ಖರ್ಚು ಮಾಡುವಷ್ಟು ಚೊಕ್ಕಟವಾದರೆ ಸಾಕು, ಅಲ್ವಾ?

ಹತ್ತಿಪ್ಪತ್ತು ನಾಣ್ಯಕ್ಕೆ ವಿನೆಗರ್, ಉಪ್ಪು ಸಾಕು. ಆದರೆ 1982ರ ನಂತರದ ಪೆನ್ನಿಯ (ಒಂದು ಸೆಂಟ್ ನಾಣ್ಯ) ಒಳಗಿರುವುದು ಸತು, ತಾಮ್ರ ಬರೀ ಮೇಲಿನ ತೆಳು ಲೇಪ. ಅದು ಕಿತ್ತುಹೋದ ಕಡೆ ಹುಳಿ ಸತುವನ್ನು ತಿಂದು ಗುಳಿ ಬೀಳಿಸುತ್ತದೆ.

ಡಬ್ಬಿಗಟ್ಟಲೆ ಇದ್ದರೆ, ನನ್ನ ಮಟ್ಟಿಗೆ, ಕಲ್ಲು ನುಣುಪು ಮಾಡುವ ಟಂಬ್ಲರೇ (ತಿರುಗುವ ಡಬ್ಬಿಯ ಯಂತ್ರ) ವಾಸಿ. ಅಕ್ವೇರಿಯಂ ಕಲ್ಲು, ನೀರು, ಒಂದು ಹನಿ ಪಾತ್ರೆ ಸೋಪು ಹಾಕಿ ಒಂದೆರಡು ಗಂಟೆ ತಿರುಗಿಸಿ. ಪೆನ್ನಿಗಳನ್ನು ಮಾತ್ರ ಬೇರೆಯಾಗಿ ಹಾಕಿ. ಕ್ವಾರ್ಟರ್ (25 ಸೆಂಟ್), ಡೈಮ್ (10 ಸೆಂಟ್) ಜೊತೆ ಸೇರಿಸಿದರೆ ಅವುಗಳ ಬಿಳಿ ಮೈಗೆ ತಾಮ್ರದ ಕೆಂಪು ಹತ್ತುತ್ತದೆ. 1964 ಅಥವಾ ಅದಕ್ಕೂ ಹಿಂದಿನ ಡೈಮ್, ಕ್ವಾರ್ಟರ್ ಕಂಡರೆ ಮೊದಲೇ ಎತ್ತಿಡಿ, ಅವು 90% ಬೆಳ್ಳಿ. ಉಜ್ಜಲೇಬೇಡಿ, ಸುಮ್ನೆ ನೀರಲ್ಲಿ ತೊಳೆದು ಒಣಗಿಸಿ.